ಜುಂಜಯ್ಯನ ಕೈಗೆ ಎರಡು ವರ್ಷ ರಜೆ

ಯುಗಾದಿ ಕಳೆದು ಎರಡು ವಾರವಾಗಿತ್ತು. ಹಿರಿಯೂರು ಸೀಮೆಯ ಬಿಸಿಲು ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಒಂದು ಮಧ್ಯಾಹ್ನ ಜವನಗೊಂಡನಹಳ್ಳಿಯ ಬಸ್‌ಸ್ಟಾಪಿನಲ್ಲಿ ಚಪ್ಪಲಿ ಕಳಚಿ ನಿಂತು ನೋಡಲಿ. ಅಂಥ ಬಿಸಿಲಿನಲ್ಲಿ ಜುಂಜಯ್ಯನ ನಲವತ್ತಮೂರು ಕುರಿಗಳು ಮೈತುಂಬ ಉಣ್ಣೆ ಹೊತ್ತು, ಬಾಯಿ ತೆರೆದು ತೇಕುತ್ತ, ಬಿಳಿಕಲ್ಲಹಟ್ಟಿಯ ಒಂದು ಜಾಲಿಮರದ ನೆರಳಿಗಾಗಿ ನೂಕಾಡುತ್ತಿದ್ದವು. ಉಣ್ಣೆಯೊಳಗೆ ಉಣ್ಣಿ ಸೇರಿಕೊಂಡಿತ್ತು. ಕೆಲವು ಕುರಿಗಳು ಬೇಲಿಗೂಟಕ್ಕೆ ಮೈ ಉಜ್ಜಿ ಉಜ್ಜಿ ಚರ್ಮ ಕಿತ್ತುಕೊಂಡಿದ್ದವು. ಎರಡು ಎಳೆಮರಿಗಳು ತಾಯಿಯ ಮೊಲೆ ಎಲ್ಲಿದೆಯೆಂದೇ ತಿಳಿಯದೆ ಉಣ್ಣೆಯ ಗಂಟನ್ನು ಚೀಪಿ ಚೀಪಿ ಬಿಡುತ್ತಿದ್ದವು.

ಇದನ್ನೆಲ್ಲ ನೋಡುತ್ತ ಜುಂಜಯ್ಯ ಬಂಡೆಯ ಮೇಲೆ ಕುಳಿತಿದ್ದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನಲ್ಲಿ ಅವನಷ್ಟು ಚೆನ್ನಾಗಿ ಕುರಿಯ ಉಣ್ಣೆ ಕತ್ತರಿಸುವವನು ಇನ್ನೊಬ್ಬನಿರಲಿಲ್ಲ. ಅವನ ಕೈಯಲ್ಲಿ ಉಣ್ಣೆ ಅಂಗಿ ಕಳಚಿದ ಹಾಗೆ ಒಂದೇ ತುಂಡಾಗಿ ಬರುತ್ತಿತ್ತು. ಮೈ ಬೋಳಾದದ್ದು ಕುರಿಗೆ ಎದ್ದು ನಿಂತು ಗಾಳಿ ತಾಗಿದ ಮೇಲೇ ಗೊತ್ತಾಗುತ್ತಿತ್ತು. ಅವನ ಕೈ ಈಗಲೂ ಗಟ್ಟಿಯಾಗಿಯೇ ಇತ್ತು. ಕತ್ತರಿಯೂ ಮನೆಯ ಸೂರಿನಲ್ಲಿ ಸಿಕ್ಕಿಸಿಯೇ ಇತ್ತು. ಆದರೆ ತನ್ನ ಕುರಿಯ ಉಣ್ಣೆಯನ್ನು ತಾನು ಕತ್ತರಿಸುವ ಹಾಗಿರಲಿಲ್ಲ. ಹಾಗೆಂದು ಒಂದು ಕಂಪನಿ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದು ತಿಳಿಸಿತ್ತು.

ಇಂಥದ್ದೂ ಉಂಟೇ ಎಂದು ನಗಬೇಡಿ. ನಕ್ಕರೂ ಪರವಾಗಿಲ್ಲ, ಮೊದಲು ನಕ್ಕವರು ಹಟ್ಟಿಯವರೇ. ಆಮೇಲೆ ಅವರ ನಗು ನಿಂತಿತು.

ಮೂರು ವರ್ಷದ ಹಿಂದೆ ಗೋವರ್ಧನ ಎಂಬಾತ ಹಿರಿಯೂರಿನಿಂದ ಬಿಳಿ ಕಾರಿನಲ್ಲಿ ಹಟ್ಟಿಗೆ ಬಂದಿದ್ದ. ಸ್ವರ್ಣರೋಮ ಸರ್ವೀಸಸ್ ಎಂಬ ಕಂಪನಿ ತೆಗೆದಿದ್ದೇನೆ, ಉಣ್ಣೆ ಕತ್ತರಿಸಲು ಕರೆಂಟಿನ ಮಿಷನ್ ತಂದಿದ್ದೇನೆ, ಗಾಡಿಯಲ್ಲಿ ಊರೂರಿಗೆ ಕರೆದುಕೊಂಡು ಹೋಗುತ್ತೇವೆ, ಕೈ ಪಳಗಿದವರು ಬೇಕು ಎಂದ. ಬಂದವನನ್ನು ಕೂರಿಸಬೇಕಲ್ಲ. ಹಟ್ಟಿಯಲ್ಲಿದ್ದ ಎರಡು ಪ್ಲಾಸ್ಟಿಕ್ ಕುರ್ಚಿ ಅಂಗನವಾಡಿಗೆ ಹೋಗಿದ್ದವು. ಚಾಪೆಯ ಮೇಲೆ ಆಗ ತಾನೇ ಒಂದು ಮರಿ ಉಚ್ಚೆ ಹೊಯ್ದಿತ್ತು. ಪಟ್ಟಣದವರ ಮುಂದೆ ಮರ್ಯಾದೆ ಹೋಗುತ್ತದಲ್ಲ ಎಂದು ಹಟ್ಟಿಯ ಹಿರಿಯ ಕಾಟಲಿಂಗಪ್ಪ ಗಡಿಬಿಡಿಯಲ್ಲಿ ಕರಿಕಂಬಳಿ ತರಿಸಿ ಹಾಸಿಬಿಟ್ಟ. ತಪ್ಪಾದದ್ದು ಅಲ್ಲೇ.

ಆ ಹಟ್ಟಿಯಲ್ಲಿ ಕರಿಕಂಬಳಿ ಹಾಸುವುದು ಮೂರಕ್ಕೆ ಮಾತ್ರ. ಮದುವೆಗೆ, ದೇವರ ಕಾರ್ಯಕ್ಕೆ, ನ್ಯಾಯಕ್ಕೆ. ಅದರ ಮೇಲೆ ಕುಳಿತು ಹೂಂ ಅಂದರೆ ಮುಗಿಯಿತು, ಆ ಮಾತನ್ನು ಬಿಡುವ ಹಾಗಿಲ್ಲ. ಜುಂಜಯ್ಯನ ತಾತ ಕಂಬಳಿಯ ಮೇಲೆ ಒಂದು ಹೋತ ಕೊಡುತ್ತೇನೆಂದು ಹೂಂ ಅಂದು, ಅದು ಅಷ್ಟರಲ್ಲಿ ತೋಳನ ಪಾಲಾಗಿ, ಐದು ದಿನ ನಡೆದು ಹೋಗಿ ಬೇರೆ ಹೋತ ತಂದುಕೊಟ್ಟಿದ್ದನಂತೆ. ಬೀಜದ ಕಂಪನಿಯವರು ಬಂದರೂ, ಓಟು ಕೇಳುವವರು ಬಂದರೂ ಹಟ್ಟಿಯವರು ಚಾಪೆಯನ್ನೇ ಹಾಸುತ್ತಿದ್ದರು. ಅಲ್ಲಿ ಆಡಿದ ಮಾತು ಎದ್ದು ಹೋಗುವಾಗ ಧೂಳಿನ ಜೊತೆ ಕೊಡವಿಕೊಂಡು ಹೋಗಬಹುದು. ಗೋವರ್ಧನನಿಗೆ ಇದೇನೂ ಗೊತ್ತಿರಲಿಲ್ಲ. ಕಂಬಳಿ ಚುಚ್ಚುತ್ತದೆ ಎಂದು ಆಚೀಚೆ ಸರಿಯುತ್ತ ಕಾಲು ಗಂಟೆ ಮಾತಾಡಿದ, ಮಜ್ಜಿಗೆ ಕುಡಿದ. ಕೊನೆಗೆ ಇಂಗ್ಲಿಷಿನ ಎಂಟು ಹಾಳೆ ತೆಗೆದು ಕೆಳಗಡೆ ಸೈನ್ ಮಾಡಿ ಎಂದ. ಹಟ್ಟಿಯ ಹತ್ತು ಜನ ಹೂಂ ಅಂದರು, ಸೈನ್ ಮಾಡಿದರು. ಜುಂಜಯ್ಯ ಏಳನೇ ಕ್ಲಾಸು ಓದಿದವನು, ಕನ್ನಡದಲ್ಲಿ ಚಂದವಾಗಿ ಹೆಸರು ಬರೆದ. ಹಾಳೆಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಗೋವರ್ಧನ, ಅದೆಲ್ಲ ಆಫೀಸಿನ ರೂಲ್ಸು, ನಾನು ಹೇಳಿದ್ದೇ ಅಲ್ಲಿರೋದು ಎಂದಿದ್ದ.

ಮೊದಮೊದಲು ಕೆಲಸ ಖುಷಿಯಾಗಿಯೇ ಇತ್ತು. ನೀಲಿ ಟೀ-ಶರ್ಟು ಕೊಟ್ಟರು, ಬೆನ್ನ ಮೇಲೆ ಚಿನ್ನದ ಬಣ್ಣದ ಕುರಿಯ ಚಿತ್ರ. ಗಾಡಿಯಲ್ಲಿ ಜನರೇಟರು, ಮಿಷನ್ನು, ನೀರಿನ ಕ್ಯಾನು. ಹೊಸದುರ್ಗದ ಕಡೆ ಹೋಗಿ ಕುರಿ ಕೆಡವಿ ಮಿಷನ್ ಹಚ್ಚಿದರೆ ಊರಿನವರೆಲ್ಲ ಬಂದು ನಿಂತು ನೋಡುತ್ತಿದ್ದರು. ಕತ್ತರಿಯಲ್ಲಿ ದಿನಕ್ಕೆ ಇಪ್ಪತ್ತು ಕುರಿ ಆದರೆ ಹೆಚ್ಚು, ಮಿಷನ್ನಿನಲ್ಲಿ ಐವತ್ತು ಆಯಿತು. ಐವತ್ತು ಆದದ್ದು ಕಂಡು ಕಂಪನಿ ಎಂಬತ್ತು ಬೇಕು ಎಂದಿತು. ಎಂಬತ್ತು ಮಾಡಿದರೆ ಕೈ ಜಾರುತ್ತದೆ, ಕುರಿಯ ಚರ್ಮ ಸೀಳುತ್ತದೆ. ಸೀಳಿದ ಕಡೆ ಅರಿಸಿನ ಎಣ್ಣೆ ಹಚ್ಚಿ ಬಿಡಬೇಕು, ಇಲ್ಲದಿದ್ದರೆ ನೊಣ ಕುಳಿತು ಹುಳ ಬೀಳುತ್ತದೆ. ಗಾಡಿಯ ಜೊತೆ ಬರುತ್ತಿದ್ದ ಸೂಪರ್‌ವೈಸರ್ ಅದಕ್ಕೆ ಪುರುಸೊತ್ತು ಕೊಡುತ್ತಿರಲಿಲ್ಲ. ಮುಂದಿನ ಕುರಿ, ಮುಂದಿನ ಕುರಿ ಎಂದು ಮೊಬೈಲಿನಲ್ಲಿ ಟೈಮು ನೋಡುತ್ತ ಕೂಗುತ್ತಿದ್ದ.

ಚಿಕ್ಕಜಾಜೂರಿನ ಹತ್ತಿರ ತಿಪ್ಪಮ್ಮ ಎಂಬ ಮುದುಕಿಯ ಕುರಿಯೊಂದರ ಕೆಚ್ಚಲಿಗೆ ಮಿಷನ್ ತಾಗಿತು. ರಕ್ತ ಬಂತು. ಮುದುಕಿ ಬೈಯಲಿಲ್ಲ, ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜುಂಜಯ್ಯನ ಮುಖವನ್ನೇ ನೋಡಿದಳು. ಕುರಿಯ ಜೊತೆಯೇ ಹುಟ್ಟಿ ಬೆಳೆದ ಜುಂಜಯ್ಯನಿಗೆ ಆ ನೋಟ ತಡೆಯಲಾಗಲಿಲ್ಲ. ಮಿಷನ್ ಆಫ್ ಮಾಡಿ, ಅವಳ ಮನೆಯಿಂದಲೇ ಅರಿಸಿನ ತರಿಸಿ, ರಕ್ತ ನಿಲ್ಲುವವರೆಗೆ ಅಲ್ಲೇ ಕುಳಿತ. ಅವತ್ತಿನ ಅರ್ಧ ಕೂಲಿ ಹೋಯಿತು. ಮಳೆಗಾಲದಲ್ಲಂತೂ ಕೆಲಸವೇ ಇಲ್ಲ. ಫೋನ್ ಮಾಡಿದರೆ ನಾವೇ ಕರೀತೀವಿ ಎನ್ನುತ್ತಿದ್ದರು. ಇದೆಲ್ಲಕ್ಕಿಂತ ಹಟ್ಟಿಯವರಿಗೆ ಹೊಟ್ಟೆ ಉರಿಸಿದ್ದು ಇನ್ನೊಂದು. ಕಂಪನಿಯಲ್ಲಿರುವವರು ತಮ್ಮ ಸ್ವಂತ ಕುರಿಗಳ ಉಣ್ಣೆಯನ್ನೂ ಕಂಪನಿಯ ಗಾಡಿ ಕರೆಸಿಯೇ ಕತ್ತರಿಸಬೇಕಿತ್ತು. ಕೆಲಸ ಮಾಡುವವರು ಅವರೇ, ಕುರಿ ಅವರದೇ, ದುಡ್ಡು ಮಾತ್ರ ಕಂಪನಿಗೆ. ಸೈನ್ ಮಾಡಿದ ಹತ್ತು ಜನರಲ್ಲಿ ಒಬ್ಬನಾದ ಪಾಲಯ್ಯ ತನ್ನ ಕುರಿಗಳ ಉಣ್ಣೆಯನ್ನು ತಾನೇ ಕತ್ತರಿಸಿ, ಅದಕ್ಕೆ ತಾನೇ ಕಂಪನಿಗೆ ದುಡ್ಡು ಕಟ್ಟಿ, ರಸೀತಿ ಹಿಡಿದುಕೊಂಡು ಅರ್ಧ ದಿನ ತಲೆ ಕೆರೆದುಕೊಂಡಿದ್ದ.

ಜುಂಜಯ್ಯ ಫಾಲ್ಗುಣದಲ್ಲಿ ಕೆಲಸ ಬಿಟ್ಟ. ಭರಮಸಾಗರದಲ್ಲಿ ಕುರಿ ಸಾಕುವವರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅದರ ಅಧ್ಯಕ್ಷೆ ಮಂಗಳಾ ಎರಡು ಮಿಷನ್ ಕೊಂಡಿದ್ದಳು, ನಡೆಸಲು ಒಳ್ಳೆಯ ಕೈ ಬೇಕಿತ್ತು. ದಿನಕ್ಕೆ ನಲವತ್ತು ಕುರಿ ಸಾಕು, ಗಾಯ ಆದರೆ ನಿಲ್ಲಿಸಿ ಔಷಧಿ ಹಚ್ಚಿ, ಮಳೆಗಾಲದಲ್ಲಿ ಹೊಸಬರಿಗೆ ಕೆಲಸ ಕಲಿಸಿ, ಹನ್ನೆರಡು ತಿಂಗಳೂ ಸಂಬಳ ಎಂದು ಹೇಳಿದಳು. ಜುಂಜಯ್ಯ ಕೇಳಿಸಿಕೊಂಡದ್ದು ಮಧ್ಯದ ಒಂದು ಮಾತನ್ನು ಮಾತ್ರ. ಗಾಯ ಆದರೆ ನಿಲ್ಲಿಸಿ. ಮಾರನೆಯ ದಿನವೇ ಹೋಗಿ ಟೀ-ಶರ್ಟನ್ನು ಒಗೆದು ಮಡಚಿ ಕಂಪನಿಗೆ ಕೊಟ್ಟು ಬಂದ.

ಆರನೇ ದಿನಕ್ಕೆ ನೋಟಿಸು ಬಂತು. ತಂದವಳು ಪೋಸ್ಟಿನ ಉಷಾ, ಸ್ಕೂಟಿಯಲ್ಲಿ ಹಟ್ಟಿಹಟ್ಟಿ ತಿರುಗುವ ಹುಡುಗಿ. ಇಂಗ್ಲಿಷ್ ಓದಲು ಬರುವವರು ಅವಳನ್ನು ಬಿಟ್ಟರೆ ಆಗ ಅಲ್ಲಿ ಯಾರೂ ಇರಲಿಲ್ಲ. ಸ್ಕೂಟಿಯ ಮೇಲೆ ಕುಳಿತೇ ಓದಿ ಹೇಳಿದಳು. ಕೆಲಸ ಬಿಟ್ಟ ಮೇಲೆ ಎರಡು ವರ್ಷ, ನಾಲ್ಕು ತಾಲ್ಲೂಕಿನೊಳಗೆ, ನೇರವಾಗಿಯಾಗಲಿ ಬಳಸಿಯಾಗಲಿ, ಜುಂಜಯ್ಯ ಯಾವ ಕುರಿಯ ಉಣ್ಣೆಯನ್ನೂ ಕತ್ತರಿಸಬಾರದು. ಇನ್ನೊಬ್ಬರಿಗೆ ಕಲಿಸಲೂಬಾರದು. ಆ ಕೆಲಸದ ಗುಟ್ಟು ಕಂಪನಿಯ ಆಸ್ತಿ. ತಪ್ಪಿದರೆ ಎರಡು ಲಕ್ಷ ದಂಡ.

"ಗುಟ್ಟಾ?" ಎಂದು ಕೇಳಿದ ಜುಂಜಯ್ಯ. "ಕುರಿ ಎಂಗೆ ಕೆಡವಬೇಕು ಅಂತ ಆ ಕಂಪನಿಗೆ ಹೇಳ್ಕೊಟ್ಟೋನು ನಾನಲ್ವೇನವ್ವ?"

"ಇದ್ರಾಗೆ ಹಂಗಿಲ್ಲ ಜುಂಜಣ್ಣ. ನಿಮಗೆ ಅವರು ಕಲಿಸಿದ್ರು ಅಂತ ಐತೆ."

"ನಮ್ಮ ಕುರಿ?"

ಉಷಾ ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಸ್ವಂತ ಕುರಿಗೆ ವಿನಾಯಿತಿ ಎಲ್ಲೂ ಇರಲಿಲ್ಲ. ಜುಂಜಯ್ಯ ಅಲ್ಲಿಂದಲೇ ಗೋವರ್ಧನನಿಗೆ ಫೋನ್ ಮಾಡಿದ. ಇವತ್ತು ಸ್ವಂತ ಕುರಿ ಅಂತ ಬಿಟ್ಟರೆ ನಾಳೆ ಭಾವಮೈದುನನ ಕುರಿಯೂ ಸ್ವಂತದ್ದೇ ಅಂತೀಯ, ಬೇಕಾದರೆ ಗಾಡಿ ಕಳಿಸುತ್ತೇನೆ, ರೇಟು ನಿನಗೆ ಗೊತ್ತೇ ಇದೆ ಎಂದು ಅವನು ಫೋನಿಟ್ಟ.

ಆಮೇಲಿನ ಹದಿನೈದು ದಿನ ಬಿಳಿಕಲ್ಲಹಟ್ಟಿಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಉಳಿದ ಒಂಬತ್ತು ಜನ ಕಂಪನಿಯ ಗಾಡಿಯಲ್ಲಿ ಹೊಳಲ್ಕೆರೆಯ ಕಡೆ ಹೋಗಿದ್ದರು. ಹಟ್ಟಿಯಲ್ಲಿದ್ದ ಮುದುಕರು ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು. ಜುಂಜಯ್ಯನ ಹೆಂಡತಿ ದೊಡ್ಡಕ್ಕ ಸೀರೆ ಎತ್ತಿ ಕಟ್ಟಿ, ಸೂರಿನ ಕತ್ತರಿ ಕಿತ್ತುಕೊಂಡು, ನೋಟಿಸು ಬಂದಿರೋದು ನಿನಗೆ, ನನಗಲ್ಲ ಎಂದು ಒಂದು ಟಗರನ್ನು ಕೆಡವಿದಳು. ಟಗರು ಅವಳನ್ನೇ ಕೆಡವಿತು. ಮತ್ತೆ ಹಿಡಿದಳು. ಎಲ್ಲಿಂದ ಶುರು ಮಾಡಬೇಕು ಎಂದು ಗಂಡನನ್ನು ಕೇಳಿದರೆ ಅವನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಕಲಿಸಬಾರದು ಎಂದು ಬರೆದಿದ್ದರಲ್ಲ.

ಅವಳು ಬೆನ್ನ ಕಡೆಯಿಂದ ಶುರು ಮಾಡಿದಳು. ಹಾಗೆ ಮಾಡಿದರೆ ಉಣ್ಣೆ ಚೂರುಚೂರಾಗುತ್ತದೆ. ಜುಂಜಯ್ಯನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಪಕ್ಕದಲ್ಲಿ ಮಲಗಿದ್ದ ನಾಯಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳತೊಡಗಿದ.

"ಲೇ ಕರಿಯ, ಮೊದ್ಲು ಹೊಟ್ಟೆ ಬಿಡಿಸ್ಕಬೇಕು ಕಣಲೇ. ಮೊಣಕಾಲ್ನ ಕುರಿ ಭುಜಕ್ಕೆ ಕೊಡು. ಚರ್ಮ ಎಳೆದು ಹಿಡಿ. ಹಂಗಲ್ಲ, ಎಡಗೈನಾಗೆ."

ನಾಯಿ ಬಾಲ ಅಲ್ಲಾಡಿಸಿತು. ದೊಡ್ಡಕ್ಕ ಎಡಗೈಯಲ್ಲಿ ಚರ್ಮ ಎಳೆದು ಹಿಡಿದಳು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನದೊಳಗೆ ಒಂದು ಟಗರಿನ ಒಂದು ಮಗ್ಗುಲು ಬೋಳಾಯಿತು, ಅಷ್ಟರಲ್ಲಿ ಅದು ಕೊಸರಿಕೊಂಡು ಓಡಿತು. ಎಡಗಡೆಯಿಂದ ನೋಡಿದರೆ ಆಡು, ಬಲಗಡೆಯಿಂದ ನೋಡಿದರೆ ಟಗರು, ಹಾಗೆ ಹಟ್ಟಿ ತುಂಬ ತಿರುಗಾಡಿತು. ಜುಂಜಯ್ಯನೂ ನಕ್ಕ. ನಗುನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ನಲವತ್ತೈದು ವರ್ಷದ ಗಂಡಸು, ಎರಡು ಕೈ ಸರಿಯಾಗಿದ್ದೂ ನಾಯಿಗೆ ಪಾಠ ಹೇಳುತ್ತ ಕೂರಬೇಕಾಯಿತಲ್ಲ ಎಂದು ಅವನಿಗೆ ತಡೆಯಲಾರದಷ್ಟು ಅವಮಾನವಾಯಿತು. ಭರಮಸಾಗರದ ಮಂಗಳಾ ಬೇರೆ ದಿನಾ ಫೋನ್ ಮಾಡುತ್ತಿದ್ದಳು. ತಿಂಗಳ ಕೊನೆಯೊಳಗೆ ಬರದಿದ್ದರೆ ಸಂಘದವರು ಬೇರೆಯವರನ್ನು ನೋಡುತ್ತಾರೆ ಎಂದಿದ್ದಳು.

ಕೊನೆಗೆ ಮಂಗಳಾಳೇ ಅವನನ್ನು ಹಿರಿಯೂರು ಕೋರ್ಟಿನ ವಕೀಲೆ ಸ್ವಾತಿಯ ಹತ್ತಿರ ಕಳಿಸಿದಳು. ದೊಡ್ಡಕ್ಕನೂ ಜೊತೆಗೆ ಹೋದಳು. ಸ್ವಾತಿ ಇನ್ನೂ ಚಿಕ್ಕ ವಯಸ್ಸಿನವಳು, ಕಪ್ಪು ಕೋಟಿನ ತೋಳು ಮೇಲಕ್ಕೆ ಮಡಚಿಕೊಂಡಿದ್ದಳು. ನೋಟಿಸನ್ನು ಒಂದು ಸಲ ಓದಿದಳು, ಉಣ್ಣೆಯ ಗುಟ್ಟು ಎಂಬಲ್ಲಿಗೆ ಬಂದಾಗ ನಕ್ಕಳು. ಕಾಂಟ್ರ್ಯಾಕ್ಟ್ ಕಾಯ್ದೆಯ ಇಪ್ಪತ್ತೇಳನೇ ಕಲಮಿನ ಪ್ರಕಾರ, ನ್ಯಾಯವಾದ ಕಸುಬನ್ನು ಮಾಡಬೇಡ ಎಂದು ಕಟ್ಟಿಹಾಕುವ ಕರಾರು ಅಷ್ಟರಮಟ್ಟಿಗೆ ಊರ್ಜಿತವೇ ಅಲ್ಲ, ಕೆಲಸ ಬಿಟ್ಟ ಮೇಲೆ ನಿಮ್ಮನ್ನು ಹೀಗೆ ತಡೆಯಲು ಅವರಿಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು.

"ನಾಳೆನೇ ಕತ್ತರಿ ಹಿಡ್ಕಳ್ರಿ ಜುಂಜಯ್ಯನೋರೆ. ಈ ಕಾಗದದಾಗೆ ಮಂಡಕ್ಕಿ ಕಟ್ಟಿಸ್ಕಂಡು ತಿನ್ನಬೋದು."

ದೊಡ್ಡಕ್ಕ ಎದ್ದು ನಿಂತೇಬಿಟ್ಟಳು. ಜುಂಜಯ್ಯ ಏಳಲಿಲ್ಲ.

"ಕಾಗದಕ್ಕೆ ನಾನು ಹೆದರಿಲ್ಲ ತಾಯಿ. ಕಂಬಳಿ ಮೇಲೆ ಕುಂತು ಅದಕ್ಕೆ ಹೂಂ ಅಂದೀನಿ. ಅದನ್ನ ಬಿಡ್ಸಾಕೆ ಎಷ್ಟನೇ ಕಲಂ ಐತೆ?"

ಸ್ವಾತಿಯ ಮೇಜಿನ ಮೇಲೆ ಇಟ್ಟಿಗೆಯಂಥ ಪುಸ್ತಕಗಳು ಹನ್ನೆರಡು ಇದ್ದವು, ಒಂದರಲ್ಲೂ ಕಂಬಳಿಯ ವಿಷಯ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಕ್ಕ ಗಂಡನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಂಡಕ್ಟರು ಟಿಕೆಟ್ ಕೇಳುವುದನ್ನೂ ಮರೆತು ಕೇಳುತ್ತ ನಿಂತಿದ್ದ. ಆದರೆ ಆಲೂರು ದಾಟುವ ಹೊತ್ತಿಗೆ ಅವಳೇ ತಣ್ಣಗಾಗಿ, ಕಂಬಳಿ ಮೇಲಿನದು ಕಂಬಳಿ ಮೇಲೇ ಬಿಚ್ಚಬೇಕು, ಕಾಟಲಿಂಗಪ್ಪಜ್ಜನ ಹತ್ರ ಹೋಗಾಣ ನಡಿ ಎಂದಳು.

ಕಾಟಲಿಂಗಪ್ಪ ಎಲ್ಲ ಕೇಳಿ, ಅವತ್ತು ಆ ಚಾಪೆಯ ಉಚ್ಚೆಯನ್ನು ಒರೆಸಿದ್ದರೆ ಸಾಕಿತ್ತಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡ. ಆಮೇಲೆ ಭಾನುವಾರ ಬೆಳಿಗ್ಗೆ ನ್ಯಾಯ ಇದೆ, ಬರಬೇಕು ಎಂದು ಗೋವರ್ಧನನಿಗೆ ಹೇಳಿ ಕಳಿಸಿದ.

ಗೋವರ್ಧನ ಖುಷಿಯಿಂದ ಬಂದ. ಇಂಥ ಜನ ಕೋರ್ಟಿಗಿಂತ ಕಂಬಳಿಗೆ ಹೆಚ್ಚು ಹೆದರುತ್ತಾರೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಹಿರಿಯರ ಬಾಯಲ್ಲೇ ಜುಂಜಯ್ಯನಿಗೆ ಬುದ್ಧಿ ಹೇಳಿಸಿದರೆ ಉಳಿದವರೂ ಬಾಲ ಮುದುರಿಕೊಂಡು ಇರುತ್ತಾರೆ ಎಂದು ಲೆಕ್ಕ ಹಾಕಿ ಒಂಬತ್ತು ಜನರನ್ನೂ ನೀಲಿ ಟೀ-ಶರ್ಟಿನಲ್ಲೇ ಗಾಡಿ ಹತ್ತಿಸಿಕೊಂಡು ಬಂದಿದ್ದ. ಗಾಡಿ ಓಡಿಸಿದವನು ಪಾಲಯ್ಯ. ಸ್ವಾತಿಯೂ ಬಂದು ಹೆಂಗಸರ ಮಧ್ಯೆ ಕುಳಿತಿದ್ದಳು. ಹಾಸಿದ ಕರಿಕಂಬಳಿಯ ಒಂದು ಕಡೆ ಜುಂಜಯ್ಯ, ಎದುರಿಗೆ ಗೋವರ್ಧನ. ಇಲ್ಲಿ ಕೊಟ್ಟ ಮಾತಿನಂತೆ ನಡಿ ಎಂದು ಅಜ್ಜ ಹೇಳಿಬಿಟ್ಟರೆ ಎರಡು ವರ್ಷ ಜುಂಜಯ್ಯ ಕೈ ಕಟ್ಟಿಕೊಂಡು ಕೂರಲೇಬೇಕಿತ್ತು, ಭರಮಸಾಗರವೂ ಇಲ್ಲ, ಸ್ವಂತ ಕುರಿಯೂ ಇಲ್ಲ.

ಕಾಟಲಿಂಗಪ್ಪ ಗಂಟಲು ಸರಿಮಾಡಿಕೊಂಡು, ಅವತ್ತು ಈ ಕಂಬಳಿಯ ಮೇಲೆ ಏನೇನು ಮಾತಾಯಿತೋ ಅಷ್ಟನ್ನು ಹೇಳಿ, ಹೆಚ್ಚಿಗೆ ಬೇಡ, ಕಮ್ಮಿಯೂ ಬೇಡ ಎಂದ. ಗೋವರ್ಧನ ಎಂಟು ಹಾಳೆ ತೆಗೆದು ಮುಂದಿಟ್ಟ.

"ಇದು ಅವತ್ತು ಮಾತಾಡ್ತಾ ಸಾರ್?" ಎಂದ ಅಜ್ಜ.

"ಪೇಪರ್ ಹೇಗೆ ಮಾತಾಡುತ್ತೆ? ಇವನ ಸೈನ್ ಇದೆ ನೋಡಿ."

"ಇದನ್ನ ಯಾರಾದ್ರೂ ಓದಿ ಹೇಳಿದ್ರಾ?"

"ಇಲ್ಲ. ಆದ್ರೆ ಸೈನ್..."

"ಸೈನ್ ಹಾಕಿದ್ದು ಕಾಗದಕ್ಕೆ. ಅದನ್ನ ಕೋರ್ಟ್‌ನಾಗೆ ನೋಡ್ಕಳ್ರಿ, ಲಾಯರಮ್ಮ ಅಲ್ಲೇ ಕುಂತೈತೆ. ಇವ್ನು ಹೂಂ ಅಂದಿದ್ದು ನಿಮ್ಮ ಮಾತಿಗೆ. ಆ ಮಾತು ಯಾವ್ದು, ಅದನ್ನ ಹೇಳ್ರಿ."

ಗೋವರ್ಧನ ನಕ್ಕ. ಮೂರು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ ಎಂದ.

ಅವನು ಎಲ್ಲಿ ಕುಳಿತು ಹಾಗೆ ಅಂದ ಎನ್ನುವುದನ್ನು ಸ್ವಲ್ಪ ಯೋಚಿಸಿ. ಆ ಹಟ್ಟಿಯ ಹೆಂಗಸರು ಅಕ್ಷರ ಕಲಿಯದೆಯೇ ಹಗಲೆಲ್ಲ ಹಾಡಿದರೂ ಮುಗಿಯದಷ್ಟು ಪದಗಳನ್ನು ತಲೆಯಲ್ಲಿಟ್ಟುಕೊಂಡವರು. ಮದುವೆಗಳಲ್ಲಿ ದೊಡ್ಡಕ್ಕ ಸೋಬಾನೆಗೆ ಕುಳಿತರೆ ಏಳು ತಲೆಮಾರಿನವರ ಹೆಸರನ್ನು, ಅವರವರ ಕುರಿಗಳ ಬಣ್ಣದ ಸಮೇತ ಹೇಳಿಕೊಂಡು ಹೋಗುತ್ತಿದ್ದಳು. ಒಂದು ಸಾಲು ತಪ್ಪಿದರೆ ಉಳಿದ ಹೆಂಗಸರು ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. ಅಂಥವರ ಮುಂದೆ ಕಾಲು ಗಂಟೆ ಮಾತಾಡಿ, ಅವರು ಮರೆತಿರುತ್ತಾರೆ ಎಂದು ನಂಬುವುದು ಪಟ್ಟಣದವರಿಗೆ ಮಾತ್ರ ಸಾಧ್ಯ.

"ನನಗೆ ನೆಪ್ಪೈತೆ," ಎಂದು ದೊಡ್ಡಕ್ಕ ಎದ್ದು ಬಂದಳು. "ಅವತ್ತು ಮಜ್ಜಿಗೆ ಕೊಟ್ಟೋಳು ನಾನೇ."

ಕಂಬಳಿಯ ಅಂಚಿನಲ್ಲಿ ಕುಳಿತಳು. ಚುಚ್ಚಿದವರ ಹಾಗೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಸರಿದಳು. ಒಣಕೆಮ್ಮು ಕೆಮ್ಮಿದಳು. ಆಗಲೇ ಜನ ನಗಲು ಶುರು ಮಾಡಿದರು, ಏಕೆಂದರೆ ಅದು ಗೋವರ್ಧನನದೇ ಕೆಮ್ಮು. ಆಮೇಲೆ ಬಂದದ್ದೂ ಅವನದೇ ದನಿ.

"ನೋಡಿ, ನೀವು ನಮಗೆ ಲೇಬರ್ ಅಲ್ಲ, ಫ್ಯಾಮಿಲಿ. ಫ್ಯಾಮಿಲಿ ಅಂದ್ರೆ ಏನು? ಮನೆಯೋರು. ವರ್ಷದ ಮುನ್ನೂರರವತ್ತೈದು ದಿನ ಕೆಲಸ. ಮಳೆ ಬಂದ್ರೂ ಕೆಲಸ, ಬಿಸಿಲಿದ್ರೂ ಕೆಲಸ. ನಿಮ್ಮನಿಮ್ಮ ಕುರಿಗೆ ಕಂಪನಿ ಮಿಷನ್ನು ಫ್ರೀ. ಬೇಡ ಅನ್ನಿಸಿದ ದಿನ ಒಂದು ಮಾತು ಹೇಳಿ ಹೊರಡಿ, ನಿಮ್ಮನ್ನ ಯಾರು ಕಟ್ಟಿಹಾಕ್ತಾರೆ? ಕೈ ನಿಮ್ಮದು, ಕಸುಬು ನಿಮ್ಮದು. ಮಜ್ಜಿಗೆಗೆ ಉಪ್ಪು ಜಾಸ್ತಿ ಆಯ್ತಮ್ಮ."

ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಸ್ವಾತಿ ಕೋಟಿನಲ್ಲಿ ಮುಖ ಮುಚ್ಚಿಕೊಂಡಳು. ಕಾಟಲಿಂಗಪ್ಪ ಮಾತ್ರ ನಗದೆ, ಇದರಲ್ಲಿ ತಪ್ಪಿದೆಯಾ ಎಂದು ಹೆಂಗಸರ ಕಡೆ ನೋಡಿದ. ತಪ್ಪಿತ್ತು. ದಾಕ್ಷಾಯಣಮ್ಮ ಎಂಬ ಮುದುಕಿ ಎದ್ದು, ಹೊರಡಿ ಅನ್ನೋದಕ್ಕಿಂತ ಮುಂಚೆ ಅವನು ಆರಾಮಾಗಿ ಅಂತಲೂ ಅಂದಿದ್ದ, ಆರಾಮಾಗಿ ಹೊರಡಿ ಎಂದು ತಿದ್ದಿದಳು. ದೊಡ್ಡಕ್ಕ ಒಪ್ಪಿಕೊಂಡಳು. ಉಳಿದ ಹೆಂಗಸರೆಲ್ಲ ಈಗ ಸರಿಯಾಯಿತು ಎಂದರು. ಗೋವರ್ಧನ ಸುಳ್ಳು ಎನ್ನಲು ಹೋದ, ಆದರೆ ಬಾಯಿಂದ ಮೊದಲು ಬಂದದ್ದು ಅದೇ ಒಣಕೆಮ್ಮು.

ಅಜ್ಜ ಜುಂಜಯ್ಯನ ಕಡೆ ತಿರುಗಿದ.

"ಲೇ ಜುಂಜ, ನೀನು ಹೂಂ ಅಂದಿದ್ದು ಈ ಮಾತಿಗೆ. ಬ್ಯಾಡ ಅನ್ಸಿದ ದಿನ ಹೇಳಿ ಹೊಂಟೆ, ಟೀ-ಶರ್ಟ್ ಒಗೆದು ಕೊಟ್ಟೆ. ನಿನ್ನ ಮಾತು ಉಳೀತು. ಮಾತು ತಪ್ಪಿದೋರು ನಿನ್ನೆದುರಿಗೆ ಕುಂತವ್ರೆ."

ಜುಂಜಯ್ಯ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡ, ಯಾರೋ ಈಗ ತಾನೇ ತಂದು ಕೊಟ್ಟ ಹಾಗೆ. ಬೆರಳು ಮಡಚಿದ, ಬಿಚ್ಚಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಪಾಲಯ್ಯ ಮುಂದೆ ಬಂದ.

"ಅಜ್ಜ, ಅವತ್ತು ನಾನೂ ಹೂಂ ಅಂದಿದ್ದು ಇದಕ್ಕೇನಾ?"

"ಇದಕ್ಕೇ ಕಣಪ್ಪ. ಅವತ್ತು ಇನ್ನೊಂದು ಮಾತೇ ಆಗಿಲ್ಲ."

ಪಾಲಯ್ಯ ಜೇಬಿನಿಂದ ಗಾಡಿಯ ಕೀ ತೆಗೆದು ಗೋವರ್ಧನನ ಎಂಟು ಹಾಳೆಗಳ ಮೇಲಿಟ್ಟ. ಟೀ-ಶರ್ಟು ಕಳಚಿದ. ಅವನ ಹಿಂದೆ ಎಂಟು ಜನವೂ ಕಳಚಿದರು. ಒಬ್ಬನದು ತಲೆಯಲ್ಲಿ ಸಿಕ್ಕಿಕೊಂಡು, ಅವನು ಕುರಿಯಂತೆ ಒದ್ದಾಡಿ, ಇಬ್ಬರು ಹಿಡಿದು ಎಳೆಯಬೇಕಾಯಿತು. ಒಂಬತ್ತು ಜನ ಬರಿಮೈಯಲ್ಲಿ ಬಿಸಿಲಿಗೆ ನಿಂತು, ಯಾಕೆ ನಗುತ್ತಿದ್ದೇವೆಂದು ಗೊತ್ತಿಲ್ಲದೆ ನಗುತ್ತಿದ್ದರು. ಗೋವರ್ಧನ ಟೀ-ಶರ್ಟುಗಳನ್ನೂ ಹಾಳೆಗಳನ್ನೂ ಬಾಚಿಕೊಂಡು, ಒಂಬತ್ತು ಜನಕ್ಕೂ ನೋಟಿಸು ಬರುತ್ತದೆ, ಎಲ್ಲರನ್ನೂ ಕೋರ್ಟು ಹತ್ತಿಸುತ್ತೇನೆ ಎಂದು ಕೂಗಾಡಿ, ತಾನೇ ಗಾಡಿ ಓಡಿಸಿಕೊಂಡು ಹೋದ. ಕೋರ್ಟು ಸೋಮವಾರ ಹತ್ತೂವರೆಗೆ ತೆರೆಯುತ್ತದೆ ಸಾರ್ ಎಂದು ಸ್ವಾತಿ ಹಿಂದಿನಿಂದ ಹೇಳಿದಳು. ಆಮೇಲೆ ಒಂಬತ್ತು ಜನರನ್ನು ಕೂರಿಸಿ, ನೋಟಿಸು ಬಂದರೆ ತಿರುಗಿಸಿ ಕಳಿಸಬೇಡಿ, ತೆಗೆದುಕೊಂಡು ನನಗೆ ಕೊಡಿ ಎಂದು ಬುದ್ಧಿ ಹೇಳಿದಳು.

ಗುರುವಾರ ಜುಂಜಯ್ಯನ ಕುರಿಗಳ ಸರದಿ. ಮೊದಲು ಕೃಷಿ ಹೊಂಡದಲ್ಲಿ ಮೈ ತೊಳೆದು ಒಣಗಿಸಿದರು. ಹಿಂದಿನಿಂದ ಬಂದ ಪದ್ಧತಿಯಂತೆ ಮುಯ್ಯಿ ಆಳಿನ ಕೆಲಸ, ಅಂದರೆ ಇವತ್ತು ಇವನ ಕುರಿಗೆ ಎಲ್ಲರೂ, ನಾಳೆ ಅವನ ಕುರಿಗೆ ಎಲ್ಲರೂ, ಮಧ್ಯಾಹ್ನ ಮುದ್ದೆ ಊಟ. ಹತ್ತು ಜನ ಸಾಲಾಗಿ ಕುಳಿತು ಕುರಿ ಕೆಡವಿಕೊಂಡಿದ್ದರು. ಹನ್ನೊಂದನೆಯವಳಾಗಿ ದೊಡ್ಡಕ್ಕ. ಜುಂಜಯ್ಯ ಕತ್ತರಿಸುತ್ತಲೇ ಅವಳಿಗೆ ಗಟ್ಟಿಯಾಗಿ ಹೇಳಿಕೊಡುತ್ತಿದ್ದ, ನಾಯಿಯ ಕಡೆ ತಿರುಗುವ ಅಗತ್ಯವಿರಲಿಲ್ಲ. ಮೊದಲು ಬೋಳಾದ ಕುರಿ ಎದ್ದು ನಿಂತು, ತನ್ನ ಮೈ ತನಗೇ ಹಗುರಾಗಿ, ನಾಲ್ಕು ಕಾಲೂ ಒಟ್ಟಿಗೆ ಎತ್ತಿ ಜಿಗಿಯಿತು. ಭರಮಸಾಗರಕ್ಕೆ ಅವನು ಸೋಮವಾರ ಬರುತ್ತೇನೆಂದು ತಿಳಿಸಿದ್ದ. ಮಳೆಗಾಲ ಕಳೆದ ಮೇಲೆ ಇನ್ನೂ ಎರಡು ಮಿಷನ್ ತರಿಸಿದರೆ ಕೈ ಬೇಕಾಗುತ್ತದಲ್ಲ ಎಂದು ಮಂಗಳಾ ಒಂಬತ್ತು ಜನರ ಹೆಸರನ್ನೂ ಬರೆದುಕೊಂಡಿದ್ದಳು.

ಹನ್ನೊಂದು ಗಂಟೆಗೆ ಉಷಾಳ ಸ್ಕೂಟಿ ಬಂತು. ಚೀಲದಲ್ಲಿ ಒಂಬತ್ತು ರಿಜಿಸ್ಟರ್ ಲಕೋಟೆ. ಎಲ್ಲರ ಕೈಯಲ್ಲೂ ಉಣ್ಣೆಯ ಜಿಡ್ಡು, ಸೈನ್ ಹಾಕಲು ಬಂದರೆ ಪೆನ್ನು ಜಾರುತ್ತಿತ್ತು. ಸ್ವಾತಿ ಹೇಳಿದ್ದು ನೆನಪಿಟ್ಟುಕೊಂಡು ಒಬ್ಬೊಬ್ಬನೇ ಕೈ ಒರೆಸಿಕೊಂಡು ಸೈನ್ ಹಾಕಿ ತೆಗೆದುಕೊಂಡ. ಒಂದನ್ನು ಒಡೆದು ಓದವ್ವ, ಈ ಸಲ ಪೂರ್ತಿ ಓದು, ಗಟ್ಟಿಯಾಗಿ ಓದು ಎಂದ ಜುಂಜಯ್ಯ. ಉಷಾ ಓದಿದಳು. ಎರಡು ವರ್ಷ, ನಾಲ್ಕು ತಾಲ್ಲೂಕು, ಎರಡು ಲಕ್ಷ. ಕತ್ತರಿಗಳು ನಿಲ್ಲಲಿಲ್ಲ. ಓದಿ ಮುಗಿಸಿ, ಇದಕ್ಕೆ ಲಾಯರಮ್ಮ ಉತ್ತರ ಕೊಡ್ತಾರಲ್ಲ ಎಂದು ಕೇಳಿದಳು.

"ಅವರದು ಅವರು ಕೊಡ್ಲಿ. ನಮ್ಮದೂ ಒಂದು ಹೋಗ್ಲಿ," ಎಂದ ಜುಂಜಯ್ಯ. "ನಿನ್ನ ಪೆನ್ನಿನಾಗೆ ಬರ್ಕ."

ಉಷಾ ಒಡೆದ ಲಕೋಟೆಯನ್ನು ಬೆನ್ನು ಮೇಲಾಗಿ ಸ್ಕೂಟಿಯ ಸೀಟಿನ ಮೇಲಿಟ್ಟು ಕಾದಳು. ಜುಂಜಯ್ಯ ಕುರಿಯ ಹೊಟ್ಟೆಯಿಂದ ತಲೆ ಎತ್ತದೆ ಹೇಳಿದ.

"ಸಾರ್, ನಮ್ಮ ಕೈ ನಿಲ್ಸಾಕೆ ಕಾಗದ ಬರೀಬ್ಯಾಡ್ರಿ. ಕೆಲ್ಸ ಇದ್ರೆ ಹಟ್ಟಿಗೆ ಬರ್ರಿ, ಕೂಲಿ ಮಾತಾಡಾಣ. ಹತ್ತು ಜನಾನೂ ಒಟ್ಟಿಗೇ ಮಾತಾಡ್ತೀವಿ."

ಸಾಲಿನ ಆ ತುದಿಯಿಂದ, ಒಂದು ಟಗರಿನ ಕೆಳಗೆ ಅರ್ಧ ಸಿಕ್ಕಿಕೊಂಡಿದ್ದ ಪಾಲಯ್ಯ, ಒಟ್ಟಿಗೆ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಎಂದ. ಉಷಾ ಅದನ್ನು ಎರಡು ಸಲ ತಿದ್ದಿ ದಪ್ಪ ಮಾಡಿ, ಕೆಳಗೆ ಗೆರೆಯನ್ನೂ ಎಳೆದಳು. ಆಮೇಲೆ ಹತ್ತು ಜನರೂ ಸಾಲು ಬಿಟ್ಟು ಎದ್ದು ಬಂದು, ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡು ಕೇಳಿ, ಅದರ ಕೆಳಗೆ ಸೈನ್ ಹಾಕಿದರು.